ಮೂರನೆಯ ಹಲಗೆ

ಆ ಕಾಲು ಮೂರನೆಯ ಹಲಗೆಯ ಮೇಲಿತ್ತು, ಚಪ್ಪಲಿಯಿಲ್ಲದ, ಹಿಮ್ಮಡಿಗೆ ಧೂಳು ಮೆತ್ತಿದ, ಅಂಗೈಯಷ್ಟೇ ಇದ್ದ ಕಾಲು — ಬಣ್ಣದ ಕಾಗದ ಕತ್ತರಿಸುತ್ತ ಕೂತವಳ ಕಣ್ಣೆದುರು ಮತ್ತೆ ಅದೇ ಬಂದು ನಿಂತಿತು, ಕತ್ತರಿ ಗೆರೆ ಬಿಟ್ಟು ಓಡಿತು, ನಕ್ಷತ್ರವಾಗಬೇಕಾದದ್ದು ಬದನೆಕಾಯಿ ತೊಟ್ಟಾಯಿತು. ಏನಕ್ಕಾ, ಯಾವ ಲೋಕದಲ್ಲಿದ್ದೀರಿ, ಬೆರಳು ಜೋಪಾನ, ಅಂದಳು ಎದುರಿಗೆ ಕೂತು ಗೋಂದು ಹಚ್ಚುತ್ತಿದ್ದ ಕಸ ಗುಡಿಸುವಾಕೆ, ಏನಿಲ್ಲ ಬಿಡು, ಅಂದಳು ಲೈಬ್ರರಿಯಕ್ಕ. ಏನಿಲ್ಲವೇ? ಮಧ್ಯಾಹ್ನ ಇವಳ ಮೊಮ್ಮಗಳೇ ಆ ಎತ್ತರದ ಕಪಾಟನ್ನು ಏಣಿಯಂತೆ ಹತ್ತಿದ್ದು, ಕಪಾಟು ಬೆರಳಷ್ಟು ಮುಂದಕ್ಕೆ ಬಾಗಿದ್ದು, ತಾನು ಓಡಿ ಸೊಂಟ ಹಿಡಿದು ಇಳಿಸಿದ್ದೇ ತಡ ಅದು ಟಕ್ಕೆಂದು ಗೋಡೆಗೆ ಬಡಿದದ್ದು, ಅಜ್ಜಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ, ಹುಡುಗಿಗೋ ಭಯವೆಂಬುದೇ ಇಲ್ಲ, ಅಕ್ಕಾ ನಂಗೆ ಆ ಮೀನಿನ ಪುಸ್ತಕ ಬೇಕಿತ್ತು, ಅದು ಮೀನಲ್ಲ ಪುಟ್ಟೀ ತಿಮಿಂಗಿಲ, ಹಾಗಾದ್ರೆ ತಿಮಿಂಗಿಲಾನೇ ಕೊಡಿ. ನಾಳೆ ಬೆಳಿಗ್ಗೆ ರಜೆ ಓದು ಶುರು, ಆಗ ಒಬ್ಬಳಲ್ಲ, ಸುತ್ತಲಿನ ಬೀದಿಯ ಮಕ್ಕಳೆಲ್ಲ ಬರುತ್ತಾರೆ, ಒಂದು ಕಾಲಿನ ಪಕ್ಕ ಇನ್ನೊಂದು ಕಾಲು, ಆಗ ಯಾರ ಸೊಂಟ ಹಿಡಿಯುವುದು, ಇರುವುದು ಎರಡೇ ಕೈ. ಮುಚ್ಚಿದ ಶಾಲೆಯೊಂದರಿಂದ ದಾನವಾಗಿ ಬಂದ ಕಪಾಟು, ದಾನದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ನಿಜ, ಕಾಲನ್ನಾದರೂ ನೋಡಬೇಕಿತ್ತು, ಒಂದು ಕಾಲು ಮೋಟು, ಅದರಡಿ ರಟ್ಟು ಮಡಿಸಿ ತುರುಕಿದವಳು ಅವಳೇ. ಬಡಗಿಗೆ ಫೋನ್ ಮಾಡಿದ್ದಾಯಿತು, ಗೋಡೆ ಗಟ್ಟಿ ಇರ್ಬೇಕಲ್ಲಕ್ಕಾ, ಮೊಳೆ ಹೊಡೆದ್ರೆ ಪುಡಿಪುಡಿ ಉದುರುತ್ತೆ, ಬರೋ ವಾರ ನೋಡೋಣ. ಸಾಹೇಬರ ಕೋಣೆಗೂ ಹೋಗಿ ನಿಂತಿದ್ದಾಯಿತು, ಅವರು ತಲೆಯೆತ್ತದೆ, ಇಷ್ಟು ವರ್ಷ ಬೀಳದ ಕಪಾಟು ನಾಳೆ ಬೀಳುತ್ತೇನಮ್ಮಾ, ನೀವೇ ಹಟ ಹಿಡಿದ ಕಾರ್ಯಕ್ರಮ, ಈಗ ನೀವೇ ಹೆದರಿದ್ರೆ ಹೇಗೆ. ಹೌದು, ಹಟ ಹಿಡಿದದ್ದು ಅವಳೇ, ಪುಸ್ತಕವನ್ನು ನಾವು ಕೈಗೆ ಕೊಡಬಾರದು ಸಾರ್, ಮಕ್ಕಳೇ ಹುಡುಕಿ ತೆಗೆದುಕೊಳ್ಳಬೇಕು, ಆಗಲೇ ಓದುತ್ತಾರೆ ಎಂದು ವಾದಿಸಿ ಗೆದ್ದು ಬಂದಿದ್ದಳು — ಗೆದ್ದು ಬಂದವಳು ಮಾಡಿದ್ದೇನು, ಹೊಸ ಚಿತ್ರಪುಸ್ತಕಗಳನ್ನೆಲ್ಲ ಮೇಲಿನ ಹಲಗೆಯಲ್ಲಿ ಮುಖ ಹೊರಗೆ ಮಾಡಿ ನಿಲ್ಲಿಸಿದಳು, ಬಾಗಿಲಲ್ಲಿ ಕಾಲಿಟ್ಟ ಮಗುವಿಗೆ ಕಣ್ಣಿಗೆ ಕಾಣಬೇಕು, ಹರಿಯದ ಹಾಗೆ ಕೈಗೆ ಮಾತ್ರ ಸಿಗಬಾರದು. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬಾರದು, ಮತ್ತೆ ಕಾಲು ಸುಮ್ಮನಿರುತ್ತದೆಯೇ? ಹತ್ತಬಾರದು ಎಂದು ಬರೆದು ಅಂಟಿಸಿದರೆ, ಓದಲು ಬಾರದವು ಹತ್ತುತ್ತವೆ, ಓದಲು ಬರುವವು ಅಂಟಿಸಿದ್ದಕ್ಕೇ ಹತ್ತುತ್ತವೆ. ಹಗ್ಗ ಕಟ್ಟಿದರೆ ಜೋತಾಡುತ್ತವೆ. ನಿನ್ನ ಮೊಮ್ಮಗಳು ಬಹಳ ಚುರುಕು, ಎಂದಳು ಇದ್ದಕ್ಕಿದ್ದಂತೆ, ಅಜ್ಜಿ ನಕ್ಕಳು, ಚುರುಕಲ್ಲಕ್ಕಾ, ಕೋತಿ, ಹುಟ್ಟುವಾಗ ಬಾಲ ಒಂದು ಮರೆತು ಬಂದಿದೆ, ರಾತ್ರಿಯೆಲ್ಲ ಅದೇ ಜಪ, ನಾಳೆ ಯಾವಾಗ ಅಜ್ಜೀ, ನಾಳೆ ಯಾವಾಗ, ನಾಳೆ ಅವಳೇ ಮೊದಲು ಬರೋದು ನೋಡಿ. ಅವಳೇ ಮೊದಲು.

ಕತ್ತರಿ ಕೆಳಗಿಟ್ಟಳು. ಅಜ್ಜಿ ಗೋಂದಿನ ಡಬ್ಬಿ ಹಿಡಿದು ಗೇಟಿಗೆ ಕಾಗದ ಅಂಟಿಸಲು ಹೋದಳು, ಕೋಣೆಯಲ್ಲಿ ಫ್ಯಾನಿನ ಸದ್ದು ಮತ್ತು ಆ ಕಪಾಟು. ಇಳಿಸಿಬಿಟ್ಟರೆ? ಎಲ್ಲವನ್ನೂ ಕೆಳಗೆ, ಜಮಖಾನದ ಮೇಲೆ ಹರಡಿಬಿಟ್ಟರೆ — ಮೇಲೆ ಏನೂ ಇಲ್ಲದ ಮೇಲೆ ಯಾರು ಹತ್ತುತ್ತಾರೆ, ಇಷ್ಟು ಸಣ್ಣದು ಮಧ್ಯಾಹ್ನದಿಂದ ಹೊಳೆಯಲಿಲ್ಲವಲ್ಲ, ಹರಿದಾವು, ಹರಿಯಲಿ, ಎಂಜಲು ಬೆರಳು ಹಚ್ಚಿಯಾರು, ಹಚ್ಚಲಿ, ಹರಿದ ಹಾಳೆಗೆ ಗೋಂದು ಹಚ್ಚಬಹುದು, ಆದರೆ — ಮುಂದಿನದನ್ನು ಮನಸ್ಸಿನಲ್ಲೂ ಮುಗಿಸಲಿಲ್ಲ, ತುಟಿ ಕಚ್ಚಿ ಎದ್ದಳು. ಏಣಿ ಸಾಹೇಬರ ಕೋಣೆಯಲ್ಲಿ, ಕೋಣೆಗೆ ಬೀಗ, ಇರಲಿ, ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದಳು, ಆನೆ, ರೈಲು, ಚಂದ್ರ, ತಿಮಿಂಗಿಲ, ಒಂದೊಂದೂ ಕೆಳಗಿಳಿದಂತೆ ಎದೆಯ ಮೇಲಿಂದಲೂ ಏನೋ ಇಳಿಯುತ್ತಿದೆ, ಬೆಳಿಗ್ಗೆ ಬಂದವಳು ಬಾಗಿಲಲ್ಲೇ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಾಳೆ, ಎಲ್ಲ ಕೆಳಗೇ ಇದೆಯಲ್ಲಕ್ಕಾ, ಹೂಂ ಪುಟ್ಟೀ ನಿನಗಾಗಿಯೇ, ಇನ್ನು ಒಂದೇ ಒಂದು ಉಳಿದಿದೆ, ತೆಳ್ಳನೆಯದು, ಜಾರಿ ಹಿಂದಿನ ಮೂಲೆಗೆ ಬಿದ್ದಿದೆ, ಕೈ ಚಾಚಿದರೆ ಗೇಣು ಕಡಿಮೆ, ತುದಿಬೆರಳಲ್ಲಿ ನಿಂತರೂ ನಾಲ್ಕು ಬೆರಳು ಕಡಿಮೆ, ಇಷ್ಟಕ್ಕೆ ಯಾರು ಬೆಳಿಗ್ಗೆವರೆಗೆ ಕಾಯುತ್ತಾರೆ, ಇಷ್ಟೇ ಇಷ್ಟು, ಸಿಕ್ಕಿತು ಎನ್ನುವಷ್ಟರಲ್ಲಿ ಮುಖದ ಮುಂದಿನ ಹಲಗೆ ಇನ್ನಷ್ಟು ಮುಂದೆ ಬಂದಂತೆ — ಅಲ್ಲಾಡಬಾರದು, ಉಸಿರೂ ಬಿಡಬಾರದು, ಕಣ್ಣನ್ನಷ್ಟೇ ನಿಧಾನ ಕೆಳಗಿಳಿಸಿದಳು, ಮೂರನೆಯ ಹಲಗೆಯ ಮೇಲೆ ಒಂದು ಕಾಲು, ಹಿಮ್ಮಡಿ ಒಡೆದದ್ದು, ದೊಡ್ಡದು, ಅವಳದೇ.