ಒಲೆಕಟ್ಟೆಯ ಒಳಗೆ

ಫ್ಯಾನಿನ ರೆಕ್ಕೆಯ ನೆರಳು ಹುಡುಗಿಯರ ತಲೆಗಳ ಮೇಲೆ ಹಾದುಹೋಗುತ್ತಿದೆ, ಒಂದೊಂದೇ ತಲೆ ಮುಟ್ಟಿ ಬಿಡುತ್ತಿದೆ, ಯಾರೋ ಹಾಜರಿ ತೆಗೆದುಕೊಳ್ಳುತ್ತಿರುವ ಹಾಗೆ, ಬೋರ್ಡಿನ ಮೇಲೆ ನನ್ನದೇ ಅಕ್ಷರ, ಬಾಡಿಗೆ, ದಿನಸಿ, ಔಷಧಿ, ಫೀಸು, ಎಲ್ಲದರ ಕೆಳಗೆ ಉಳಿತಾಯ, ಅದರ ಮುಂದೆ ಬರೆಯೋದಕ್ಕೆ ಏನೂ ಇಲ್ಲ, ಯಾವ ವರ್ಷವೂ ಇರೋದಿಲ್ಲ, ಬಡತನದಲ್ಲಿ ಮನೆ ತೂಗಿಸುವುದು ಅಂತ ಪಾಠದ ಹೆಸರು, ಅದರ ಬೆನ್ನಿಗೇ ಮಹಿಳೆಯ ಆರ್ಥಿಕ ಸ್ವಾವಲಂಬನೆ, ಎರಡನ್ನೂ ಒಂದೇ ಪೀರಿಯಡ್ಡಿನಲ್ಲಿ ಮುಗಿಸಿಬಿಡಬೇಕಂತೆ — ಬರೀ ಪಾಠ ಒಪ್ಪಿಸೋದು ಬೇಡ ಅನ್ನಿಸಿ ಕೇಳಿದೆ, ನಿಮ್ಮ ಅಮ್ಮ ತನ್ನದು ಅಂತ ನಾಲ್ಕು ಕಾಸು ಎಲ್ಲಿ ಇಟ್ಟುಕೊಳ್ಳುತ್ತಾರೆ ಹೇಳಿ ನೋಡೋಣ, ಕ್ಲಾಸೆಲ್ಲ ನಗು, ಅಕ್ಕಿ ಡಬ್ಬಿ ಮಿಸ್, ದಿಂಬಿನ ಹೊಟ್ಟೆ ಮಿಸ್, ನಮ್ಮಮ್ಮ ಅಪ್ಪನ ಫೋಟೋ ಹಿಂದೇನೇ ಇಡ್ತಾರೆ, ಅಪ್ಪ ಎಲ್ಲಾ ಕಡೆ ಹುಡುಕ್ತಾರೆ, ತಮ್ಮ ಮುಖದ ಹಿಂದೆ ಮಾತ್ರ ಹುಡುಕಲ್ಲ, ನಾನೂ ನಕ್ಕೆ, ಆಗ ಕೊನೇ ಬೆಂಚಿನಿಂದ ಗುಬ್ಬಿ ಎದ್ದು ನಿಂತಳು, ದನಿ ಇರುವುದೇ ಅಷ್ಟು, ಅದಕ್ಕೇ ಎಲ್ಲರಿಗೂ ಅವಳು ಗುಬ್ಬಿ, ನಮ್ಮನೇಲಿ ಒಲೆಕಟ್ಟೆ ಕೆಳಗೆ ಒಂದು ಕಲ್ಲು ಬಿಟ್ಕೊಳ್ಳುತ್ತೆ ಮಿಸ್, ನಾವು ಮಾಡಿದ್ದಲ್ಲ, ಬಾಡಿಗೆಗೆ ಬಂದಾಗಲೇ ಇತ್ತು, ಒಳಗೆ ಮೊದಲಿದ್ದವರ ಗಂಟೂ ಇತ್ತು, ಅಮ್ಮ ಅದನ್ನ ಬಿಚ್ಚಿ ನೋಡಿ ಹಾಗೇ ಕಟ್ಟಿಟ್ಟಳು, ಪಕ್ಕದಲ್ಲಿ ತನ್ನದು ಇಡ್ತಾಳೆ, ಆಯಮ್ಮ ಕಾಯ್ತಾಳೆ ಅಂತಾಳೆ. ಯಾವ ಆಯಮ್ಮನೇ? ಗೊತ್ತಿಲ್ಲ ಮಿಸ್, ಮೊದಲಿದ್ದವರು. ಈ ಸಲ ಯಾರೂ ನಗಲಿಲ್ಲ. ನಿಮ್ಮ ಮನೆ ಎಲ್ಲಿ ಅಂದೆ, ಸುಮ್ಮನೆ, ಬಾಯಿಗೆ ಬಂತು ಅಂತ. ಗೋಣಿಚೀಲದ ಗೋದಾಮಿನ ಹಿಂದೆ ಮಿಸ್, ಸಾಲು ಮನೆ, ಹೊಸ್ತಿಲ ಮುಂದೆ ಸಿಮೆಂಟಿನಲ್ಲಿ ನಾಯಿ ಹೆಜ್ಜೆ ಇದೆಯಲ್ಲ, ಅದೇ.

ಆ ನಾಯಿ ನನಗೆ ಗೊತ್ತು. ಬಿಳೀದು, ಒಂದು ಕಿವಿ ಹರಿದಿತ್ತು, ಹಸಿ ಸಿಮೆಂಟಿನ ಮೇಲೆ ನಡೆದುಹೋಯಿತು, ಅಪ್ಪ ಚಪ್ಪಲಿ ಬೀಸಿ ಒಗೆದರು, ಆಮೇಲೆ ದಿನಾ ಸ್ಕೂಲಿಗೆ ಹೊರಡುವಾಗ ಆ ಗುಳಿಯೊಳಗೆ ಹೆಬ್ಬೆರಳಿಟ್ಟೇ ನಾನು ರಸ್ತೆಗಿಳಿಯುತ್ತಿದ್ದೆ — ಬೆಲ್ ಹೊಡೆದಾಗಲೇ ಎಚ್ಚರ, ಹುಡುಗಿಯರು ಎದ್ದು ಗಲಗಲ ಹೊರಗೆ ಹೋಗುತ್ತಿದ್ದಾರೆ, ಇವರಲ್ಲಿ ಇಬ್ಬರು ಗುಬ್ಬಿಯ ಸಾಲು ಮನೆಗಳವರೇ, ಎಂಥ ಕೆಲಸ ಮಾಡಿದೆ, ಸಾಯಂಕಾಲದೊಳಗೆ ಒಲೆಕಟ್ಟೆಯ ಸುದ್ದಿ ಓಣಿ ಸುತ್ತುತ್ತದೆ, ಅವಳಪ್ಪನ ಕಿವಿಗೂ ಬೀಳುತ್ತದೆ, ಬಾರೇ ಗುಬ್ಬಿ, ಈಗಲೇ ನಿಮ್ಮಮ್ಮನ್ನ ನೋಡಬೇಕು. ಅಪ್ಪ ಮನೇಲೇ ಇರ್ತಾರೆ ಮಿಸ್, ರಾತ್ರಿ ವಾಚ್‌ಮನ್ ಕೆಲಸ, ಈಗ ಮಲಗಿರ್ತಾರೆ. ಮಲಗಿರಲಿ. ನನ್ನ ಕಾಲಿಗೆ ದಾರಿ ಕೇಳಬೇಕಾಗಲೇ ಇಲ್ಲ, ಗೋದಾಮಿನ ಗೋಡೆ, ನಲ್ಲಿ, ಎಡಕ್ಕೆ ತಿರುವು, ಗುಬ್ಬಿ ನನಗಿಂತ ಹಿಂದೆ ಉಳಿದಿದ್ದಾಳೆ, ಮಿಸ್, ನಿಮಗೆ ಹೇಗೆ ಗೊತ್ತು ಅನ್ನುತ್ತಿದ್ದಾಳೆ, ಈ ಓಣಿಯಲ್ಲೇ ಅಮ್ಮ ಅಂಗಿಗಳ ಗಂಟು ಹೊತ್ತು ಬರುತ್ತಿದ್ದಳು, ಗುಂಡಿ ಹೊಲಿಯುವ ಕೆಲಸ, ಕೂಲಿ ಬಂದ ದಿನ ಅಪ್ಪ ಬಾಗಿಲಲ್ಲೇ ಕಾದಿರೋರು, ಇಷ್ಟೇನಾ, ಇಷ್ಟೇ, ಸುಳ್ಳು ಹೇಳ್ಬೇಡ, ಆಮೇಲೆ ಹುಡುಕಾಟ, ಹಿಟ್ಟನ್ನು ನೆಲಕ್ಕೆ ಸುರಿದು, ಹಾಸಿಗೆ ಸೀಳಿ, ಅಮ್ಮ ಮೂಲೆಯಲ್ಲಿ ಕೈ ಕಟ್ಟಿ ಕೂತು ಬೇರೆ ಯಾರದೋ ಮನೆ ನೋಡೋ ಹಾಗೆ ನೋಡುತ್ತಿದ್ದಳು, ಅಪ್ಪನಿಗೆ ಒಂದು ದಿನವೂ ಏನೂ ಸಿಗಲಿಲ್ಲ, ನಾನೂ ಅಮ್ಮನ ಹತ್ತಿರ ಏನೂ ಇರಲಿಲ್ಲ ಅಂತಲೇ ನಂಬಿದ್ದೆ, ಅವಳು ತೀರಿಹೋದ ಮೇಲೂ ಹಾಗೇ ನಂಬಿದ್ದೆ.

ನಾಯಿ ಹೆಜ್ಜೆ ಅಲ್ಲೇ ಇದೆ. ಒಳಗೆ ಕತ್ತಲು, ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ ವಾಸನೆ, ಗುಬ್ಬಿಯ ಅಮ್ಮ ಮಡಿಸುತ್ತಿದ್ದ ಶರ್ಟನ್ನು ಹಾಗೇ ಕೆಳಗಿಟ್ಟು ತುಟಿಯ ಮೇಲೆ ಬೆರಳಿಡುತ್ತಾಳೆ, ಮಂಚದ ಮೇಲೆ ಅವನು, ಗೋಡೆ ಕಡೆ ಮುಖ, ಉಸಿರು ಉದ್ದಕ್ಕೆ ಎಳೆದು ಎಲ್ಲೋ ನಿಂತುಬಿಡುತ್ತದೆ, ನಾವು ಮೂವರೂ ಕಾಯುತ್ತೇವೆ, ಮತ್ತೆ ಶುರುವಾಗುತ್ತದೆ. ಪಿಸುಮಾತಿನಲ್ಲೇ ಹೇಳಿದೆ, ತಪ್ಪು ನನ್ನದು, ಕ್ಲಾಸಿನಲ್ಲಿ ಕೇಳಬಾರದಿತ್ತು, ಈಗ ಎಲ್ಲರಿಗೂ ಗೊತ್ತಾಗಿದೆ, ದುಡ್ಡನ್ನ ಬ್ಯಾಂಕಿಗೆ ಹಾಕಿ, ನಿಮ್ಮದೇ ಹೆಸರಲ್ಲಿ. ಬ್ಯಾಂಕಿಂದ ಫೋನಿಗೆ ಮೆಸೇಜ್ ಬರುತ್ತೆ ಮೇಡಂ, ಫೋನ್ ಅವರ ದಿಂಬಿನ ಕೆಳಗಿರುತ್ತೆ. ನನ್ನ ನಂಬರ್ ಕೊಡಿ, ಮೆಸೇಜ್ ನನಗೆ ಬರಲಿ, ಪಾಸ್‌ಬುಕ್ ಕಾಲೇಜಿನ ನನ್ನ ಬೀರುವಿನಲ್ಲಿರಲಿ, ಬೇಕಾದಾಗ ಬಂದು ನೋಡಿ. ಅವಳು ನನ್ನನ್ನೇ ನೋಡಿದಳು, ತೂಗಿ ನೋಡೋ ಹಾಗೆ. ನೀವು ಯಾಕಿಷ್ಟು ಮೈಮೇಲೆ ಹಾಕ್ಕೊಳ್ತೀರಿ ಮೇಡಂ? ಹೇಳಲೇಬೇಕಾಯಿತು, ಮೊದಲಿದ್ದವರು ನಮ್ಮಮ್ಮ. ಅವಳು ಬೆಚ್ಚಿಬೀಳಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು, ಯಾರಾದ್ರೂ ಬರ್ತಾರೆ ಅಂದ್ಕೊಂಡಿದ್ದೆ ಮೇಡಂ, ಆ ಗಂಟನ್ನ ಪ್ರತಿ ಸಲ ಹಿಂದಕ್ಕೆ ತಳ್ತೀನಿ, ಮುಂದಿನ ಸಲ ಕೈ ಹಾಕಿದ್ರೆ ಮುಂದಕ್ಕೆ ಬಂದಿರುತ್ತೆ, ಬೆರಳಿಗೇ ಸಿಗುತ್ತೆ, ಇಲಿ ಅಂದ್ಕೊಂಡೆ, ಇಲಿಯಾದ್ರೆ ಬಟ್ಟೆ ಕಡೀಬೇಕಲ್ವಾ.

ಅವಳು ಕಟ್ಟೆಯ ಕೆಳಗೆ ಕೂತು ಕಲ್ಲನ್ನು ಸದ್ದಿಲ್ಲದೆ ಸರಿಸುತ್ತಾಳೆ, ಒಳಗೆ ನೋಡಿದರೆ ಬರೀ ಗೋಡೆ, ದೀಪ ಹಿಡಿದರೂ ಗೋಡೆಯೇ ಕಾಣೋದು, ಕೈ ಹಾಕಿದವರಿಗಷ್ಟೇ ಗೊತ್ತು, ಅದು ಒಳಗೆ ಹೋಗಿ ಮೇಲಕ್ಕೆ ತಿರುಗುತ್ತದೆ ಅಂತ. ಅವಳದು ಒಂದು ಪ್ಲಾಸ್ಟಿಕ್ ಚೀಲ, ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು, ನಾಳೆ ಬೆಳಿಗ್ಗೆ ಬ್ಯಾಂಕಿಗೆ ಬರ್ತೀನಿ ಮೇಡಂ, ಇವರು ಮಲಗಿದ ಮೇಲೆ. ಆಮೇಲೆ ಗಂಟು, ನೀಲಿ ಚೌಕಳಿ ಬಟ್ಟೆ, ನನ್ನ ಸ್ಕೂಲ್ ಲಂಗದ ಬಟ್ಟೆ, ಸುತ್ತಿರುವುದು ಅಮ್ಮ ಗುಂಡಿ ಹೊಲಿಯುತ್ತಿದ್ದ ದಾರವೇ, ಒಳಗೆ ನೋಟುಗಳು, ಮೆತ್ತಗಾದವು, ಈಗ ಎಲ್ಲೂ ನಡೆಯದ ನೋಟುಗಳು, ಸರ್ಕಾರ ಹಿಂದಕ್ಕೆ ತೆಗೆದುಕೊಂಡು ಎಷ್ಟೋ ಕಾಲವಾಯಿತು, ಒಬ್ಬ ಹೆಂಗಸು ಕಣ್ಣು ಸವೆಸಿ ಗಳಿಸಿದ ದುಡ್ಡು, ಕಾಗದ, ನಾಳೆ ಕ್ಲಾಸಿನಲ್ಲಿ ಏನು ಹೇಳಲಿ, ಬಚ್ಚಿಟ್ಟದ್ದು ಹೀಗೆ ಕತ್ತಲಲ್ಲೇ ಸತ್ತುಹೋಗುತ್ತದೆ ಅಂತಲೇ, ಹಾಗೆ ಹೇಳೋಕೆ ನನಗೆ ಬಾಯಿ ಬರುತ್ತದೆಯೇ — ಮಂಚ ಕಿರುಗುಟ್ಟಿತು, ಅವನು ಮಗ್ಗುಲು ಬದಲಿಸಿದ, ಮುಖ ಈಗ ನಮ್ಮ ಕಡೆ, ಕಣ್ಣು ಮುಚ್ಚಿದೆ, ಮುಚ್ಚಿದೆಯಾ, ಹೌದು ಮುಚ್ಚಿದೆ, ಗುಬ್ಬಿ ನನ್ನ ಸೆರಗು ಹಿಡಿದಿದ್ದಾಳೆ, ಅವಳಮ್ಮ ಕಿವಿಯ ಹತ್ತಿರ ಬಂದು, ಇನ್ನೊಂದು ನೋಟು ಒಳಗೆ ಉಳ್ಕೊಂಡಿದೆ ಅನ್ನಿಸುತ್ತೆ ಮೇಡಂ, ನಿಮ್ಮ ಕೈ ಸಣ್ಣದು, ಒಂಚೂರು ನೋಡಿ.

ಕೈ ಹಾಕುತ್ತೇನೆ. ಕಲ್ಲು ನುಣುಪು, ಎಷ್ಟು ಕೈ ಸವರಿದರೆ ಕಲ್ಲು ಇಷ್ಟು ನುಣುಪಾಗಬೇಕು, ಅಮ್ಮನಿಗಿಂತ ಮೊದಲೂ ಯಾರೋ, ಅವರಿಗಿಂತ ಮೊದಲೂ ಯಾರೋ, ಒಲೆ ಬೆಳಿಗ್ಗೆಯೇ ಆರಿದೆ, ಆದರೂ ಒಳಗೆ ಬೆಚ್ಚಗಿದೆ, ಮೈ ಬೆಚ್ಚಗಿದ್ದ ಹಾಗೆ, ಇನ್ನು ಮುಂದೆ ಹೋಗಬೇಕಾದರೆ ಮಣಿಕಟ್ಟು ಪಕ್ಕಕ್ಕೆ ತಿರುಚಿ ಮೇಲಕ್ಕೆತ್ತಬೇಕು, ಎತ್ತಿದೆ, ನಾಲ್ಕು ಬೆರಳೂ ತಾವಾಗಿಯೇ ಒಳಕ್ಕೆ ಮಡಚಿ ಗೀರಿದವು — ಈ ಕೈ ನಾನು ನೋಡಿದ್ದೇನೆ, ಆಸ್ಪತ್ರೆಯ ಹಾಸಿಗೆಯ ಮೇಲೆ, ಮಾತು ನಿಂತುಹೋದ ಅಮ್ಮ, ಗಾಳಿಯಲ್ಲಿ ಮಣಿಕಟ್ಟು ಪಕ್ಕಕ್ಕೆ ತಿರುಚಿ ಮೇಲಕ್ಕೆತ್ತಿ, ನಾಲ್ಕು ಬೆರಳು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿ, ನನ್ನ ಕಡೆ ನೋಡುತ್ತ, ನೀರು ಬೇಕೇನಮ್ಮ ಅಂದೆ, ಚಮಚದಲ್ಲಿ ನೀರು ಬಿಟ್ಟೆ, ತುಟಿಯಂಚಿನಿಂದ ಹರಿದುಹೋಯಿತು, ಮತ್ತೆ ಕೈ ಎತ್ತಿದಳು, ಮತ್ತೆ ನೀರು ಬಿಟ್ಟೆ, ನರ್ಸ್ ಕೂಡ ನೀರು ಕೇಳ್ತಿದ್ದಾರೆ ಅಂದಳು, ನೀರಲ್ಲ, ನೀರು ಕೇಳಿರಲಿಲ್ಲ, ಮೇಡಂ ಸಿಕ್ತಾ ಅಂತ ಕಿವಿಯಲ್ಲಿ ಯಾರೋ, ಮಂಚದ ಮೇಲಿನ ಉಸಿರು ನಿಂತಿದೆ, ಇನ್ನೂ ಶುರುವಾಗಿಲ್ಲ, ನೀರಲ್ಲ, ಮಣಿಕಟ್ಟು ಪಕ್ಕಕ್ಕೆ, ಮೇಲಕ್ಕೆ, ನಾಲ್ಕು ಬೆರಳು ಮಡಚಿ, ಬಿಚ್ಚಿ, ಮಡಚಿ, ಆ ಕೈ, ಬಿಳೀ ಹಾಸಿಗೆಯ ಮೇಲೆ ಗಾಳಿಯಲ್ಲಿ ಆ ಕೈ