ಹಲ್ಲಿನ ಅಜ್ಜಿಗೆ ಮೂರು ಪರ್ಸೆಂಟ್ ಸೋಡಿ

ಕೌಸ್ತುಭ್ ಬದುಕಿದ್ದಾಗ ಇನ್ನೂರಕ್ಕೂ ಹೆಚ್ಚು ಜನಕ್ಕೆ ಸಾಲ ಕೊಟ್ಟಿದ್ದ. ಅವರಲ್ಲಿ ಒಬ್ಬರ ಮುಖವನ್ನೂ ಅವನು ಕಂಡವನಲ್ಲ. ಒಬ್ಬರ ಹೆಸರೂ ಅವನಿಗೆ ಗೊತ್ತಿರಲಿಲ್ಲ.

ಅದೊಂದು ವೆಬ್‌ಸೈಟು. ಯಾರಿಗೋ ಹತ್ತು ಸಾವಿರ ಡಾಲರ್ ಸಾಲ ಬೇಕೆಂದರೆ ನೂರಾರು ಜನ ಇಪ್ಪತ್ತೈದೋ ಐವತ್ತೋ ಹಾಕಿ ಕೂಡಿಸಿ ಕೊಡುತ್ತಾರೆ. ಸಾಲ ತೆಗೆದುಕೊಂಡವರು ತಿಂಗಳ ಕಂತು ಕಟ್ಟಿದಾಗಲೆಲ್ಲ ಬಡ್ಡಿ ಸಮೇತ ಅವರವರ ಪಾಲು ಅವರವರಿಗೆ ಬಂದು ಬೀಳುತ್ತದೆ. ಸಾಲ ಕೇಳಿದವರ ಊರು ಮತ್ತು ಕಾರಣ ಇಷ್ಟೇ ಕಾಣುವುದು. ಕೌಸ್ತುಭನಿಗೆ ಅಷ್ಟು ಸಾಕಿತ್ತು. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದನ್ನೇ ಹೆಂಡತಿ ಶ್ರಾವಣಿಗೆ ಓದಿ ಹೇಳುತ್ತಿದ್ದ.

"ಅಮರಿಲೋ. ಹಲ್ಲು ಕಟ್ಟಿಸೋಕೆ. ಅಜ್ಜಿ ಕಣೆ ಇದು. ಮೊಮ್ಮಗಳ ಗ್ರಾಜುಯೇಷನ್ ಫೋಟೋದಲ್ಲಿ ಬಾಯಿ ತುಂಬ ನಗಬೇಕಂತೆ. ಕೊಡೋಣ, ಪಾಪ."

"ಅಜ್ಜಿ ಅಂತ ಎಲ್ಲಿ ಬರೆದಿದೆ?"

"ಬರೀಬೇಕಾ? ಗೊತ್ತಾಗಲ್ವಾ?"

ಹಾಗೆ ಆಸ್ಟಿನ್ ಹತ್ತಿರ ಲಿಯಾಂಡರಿನ ಅವರ ಬಾಡಿಗೆ ಮನೆಯಲ್ಲಿ ಹಲ್ಲಿನ ಅಜ್ಜಿ ಇದ್ದಳು, ಲಬಕ್‌ನ ಮದುಮಗಳು ಇದ್ದಳು, ಮೂರನೇ ಸಲ ಛಾವಣಿ ರಿಪೇರಿ ಮಾಡಿಸುತ್ತಿದ್ದ ಸೋರುಮನೆ ಸಾಹೇಬ ಇದ್ದ. ಲಾಕ್‌ಹಾರ್ಟಿನಲ್ಲಿ ಮಾಂಸ ಸುಡುವ ದೊಡ್ಡ ಒಲೆಗೆ ಸಾಲ ಕೇಳಿದವನೊಬ್ಬನಿದ್ದ. ಅವನು ಹೊಗೆ ಭಟ್ಟ. ಹುಟ್ಟಾ ಸಸ್ಯಾಹಾರಿಯಾದ ಕೌಸ್ತುಭ್ ಉಳಿದವರಿಗೆಲ್ಲ ಇಪ್ಪತ್ತೈದೋ ಐವತ್ತೋ ಡಾಲರ್ ಕೊಟ್ಟರೆ ಇವನಿಗೆ ಏಳುನೂರು ಕೊಟ್ಟ.

ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕೌಸ್ತುಭ್ ಜಿಮ್‌ನಲ್ಲಿ ಕುಸಿದು ಬಿದ್ದ. ಆಸ್ಪತ್ರೆಗೆ ಸೇರಿಸುವ ಮೊದಲೇ ಎಲ್ಲ ಮುಗಿದಿತ್ತು. ಅವನಿಗೆ ಮೂವತ್ತನಾಲ್ಕು.

ಅಂದಿನಿಂದ ಶ್ರಾವಣಿಯ ಮಾತು ಮೂರಕ್ಕೆ ಇಳಿದಿತ್ತು: ಹೂಂ, ಸರಿ, ಬೇಡ. ಅಳು ಬಂದಿರಲಿಲ್ಲ. ಮೊಸರನ್ನ ಕಲಸಿಕೊಂಡು ಅಡುಗೆಮನೆ ಕಟ್ಟೆಗೆ ಒರಗಿ ನಿಂತೇ ತಿನ್ನುತ್ತಿದ್ದಳು. ಫೋನಿನಲ್ಲಿ ಜನ ಅತ್ತರೆ ಅವರೇ ಸುಧಾರಿಸಿಕೊಳ್ಳಲಿ ಎಂದು ಕಾಯುತ್ತಿದ್ದಳು. ಮೈಸೂರಿನಿಂದ ಅಪ್ಪ ಅಮ್ಮ ಬಂದುಬಿಡು ಎಂದರು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್.ಗೆ ಸೀಟು ಸಿಕ್ಕಿತ್ತು. ಕೂರಿಸಿ ಅರ್ಜಿ ಹಾಕಿಸಿದವನು ಕೌಸ್ತುಭನೇ. ಆದರೆ ಅವಳ ವೀಸಾ ಅವನ ಕೆಲಸಕ್ಕೆ ಕಟ್ಟಿದ್ದು. ಅವನಿಲ್ಲವೆಂದ ಮೇಲೆ ಅದೂ ಇಲ್ಲ. ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕಾದರೆ ಒಂದು ವರ್ಷದ ಖರ್ಚಿನ ಹಣ ಬ್ಯಾಂಕಿನಲ್ಲಿ ಇದೆಯೆಂದು ಮೂರು ವಾರ ಬಿಟ್ಟು ಬರುವ ಶುಕ್ರವಾರದೊಳಗೆ ತೋರಿಸಬೇಕು. ಇರುವುದನ್ನೆಲ್ಲ ಗುಡ್ಡೆ ಹಾಕಿದರೂ ಆರು ಸಾವಿರದ ಇನ್ನೂರು ಡಾಲರ್ ಕಡಿಮೆ ಬರುತ್ತಿತ್ತು.

ಇಬ್ಬರ ಹೆಸರಿನಲ್ಲೂ ಇದ್ದ ಆ ವೆಬ್‌ಸೈಟಿನ ಖಾತೆಯಲ್ಲಿ ಏಳು ಸಾವಿರ ಬರಬೇಕಿತ್ತು. ಬರುವುದು ಮೂರು ವರ್ಷದಲ್ಲಿ, ಚಿಲ್ಲರೆ ಚಿಲ್ಲರೆಯಾಗಿ. ಅಷ್ಟು ಕಾಯಲಾರದವರು ತಮ್ಮ ಪಾಲನ್ನು ಇನ್ನೊಬ್ಬರಿಗೆ ಮಾರಬಹುದು, ಬೆಲೆಯಲ್ಲಿ ಒಂದಿಷ್ಟು ಸೋಡಿ, ಅಂದರೆ ರಿಯಾಯಿತಿ, ಬಿಟ್ಟು. ಅದಕ್ಕೆಂದೇ ಅಲ್ಲೊಂದು ಸಂತೆಯಿತ್ತು. ಶ್ರಾವಣಿ ಒಂದು ಮಧ್ಯಾಹ್ನ ಎಲ್ಲವನ್ನೂ ಒಟ್ಟಿಗೆ ಆರಿಸಿ, ಐದು ಪರ್ಸೆಂಟ್ ಸೋಡಿ ಎಂದು ಹಾಕಿದಳು. ಒಂದು ವಾರ ಕಳೆದರೂ ಮಾರಿದ್ದು ಬೆರಳೆಣಿಕೆಯಷ್ಟು. ಬೆಲೆ ಇಳಿಸಿ ಎಂದು ವೆಬ್‌ಸೈಟು ಮತ್ತೆ ಮತ್ತೆ ಸಲಹೆ ಕೊಟ್ಟಿತು. ಇಪ್ಪತ್ತು ಪರ್ಸೆಂಟ್ ಬಿಟ್ಟರೆ ಸಂಜೆಯೊಳಗೆ ಖಾಲಿಯಾದೀತು, ಆದರೆ ಕೈಗೆ ಬರುವುದು ಐದು ಸಾವಿರದ ಆರುನೂರು. ಸಾಲದು.

ಬುಧವಾರ ಡಾಲಸ್ ಪಕ್ಕದ ಪ್ಲೇನೋದಿಂದ ಅಖಿಲ್ ಫೋನ್ ಮಾಡಿದ. ಅವನು ಕೌಸ್ತುಭನ ಇಂಜಿನಿಯರಿಂಗ್ ಕಾಲೇಜಿನ ಗೆಳೆಯ, ಅಜ್ಜಿಯ, ಭಟ್ಟನ ಕಥೆಗಳನ್ನು ಅವನ ಬಾಯಿಂದಲೇ ಕೇಳಿದವನು. ಹೊಸಬರನ್ನು ಸೇರಿಸಿದರೆ ಸಿಗುವ ಬೋನಸ್ಸಿನ ಆಸೆಗೆ ಕೌಸ್ತುಭ್ ಡಾಲಸ್‌ನಿಂದ ಹ್ಯೂಸ್ಟನ್‌ವರೆಗೆ ಗೊತ್ತಿದ್ದವರನ್ನೆಲ್ಲ ಆ ವೆಬ್‌ಸೈಟಿಗೆ ಎಳೆದು ತಂದಿದ್ದ.

"ಶ್ರಾವಣಿ, ಅಮರಿಲೋ ಅಜ್ಜೀನ ಮಾರೋಕೆ ಇಟ್ಟಿರೋದು ನೀವೇ ತಾನೆ?"

"ಹೂಂ."

"ಹೊಗೆ ಭಟ್ಟನ್ನೂ?"

"ಎಲ್ಲರನ್ನೂ."

ಅವಳಿಂದ ವಿಷಯ ತಿಳಿದುಕೊಳ್ಳಲು ಅವನು ಹತ್ತು ಪ್ರಶ್ನೆ ಕೇಳಬೇಕಾಯಿತು. ಒಂದು ಗಂಟೆಯೊಳಗೆ ಹ್ಯೂಸ್ಟನ್ ಪಕ್ಕದ ಕೇಟಿಯಿಂದ ರಮಾ ಆಂಟಿಯ ಫೋನ್ ಬಂತು. "ಶನಿವಾರ ಊಟಕ್ಕೆ ಬಾ. ಲ್ಯಾಪ್‌ಟಾಪ್ ತಗೊಂಡು ಬಾ. ಬೇಡ ಅನ್ನಬೇಡ."

ಬಾಸ್ಟ್ರಾಪ್ ದಾಟಿ, ಲಾ ಗ್ರೇಂಜ್ ದಾಟಿ, ಕೊಲಂಬಸ್ಸಿನಲ್ಲಿ ಐ-ಟೆನ್ ಹೆದ್ದಾರಿ ಹಿಡಿದು ಅಷ್ಟು ದೂರ ಅವಳೊಬ್ಬಳೇ ಕಾರು ಓಡಿಸಿದ್ದು ಅದೇ ಮೊದಲು. ಆ ದಾರಿಯಲ್ಲಿ ಅವಳ ಕೆಲಸ ಯಾವಾಗಲೂ ಕಾರು ಓಡಿಸುವ ಕೌಸ್ತುಭನಿಗೆ ಕಡಲೆಕಾಯಿ ಸುಲಿದು ಕೊಡುವುದಾಗಿತ್ತು.

ರಮಾ ಆಂಟಿಯ ಮನೆ ಹ್ಯೂಸ್ಟನ್ನಿನ ಕನ್ನಡದವರಿಗೆಲ್ಲ ತವರು. ಅವರ ಗಂಡ ಮೋಹನರಾಜ ಅಂಕಲ್ ಎಣ್ಣೆ ಕಂಪನಿಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ದುಡ್ಡು ಬೇಕಾದಷ್ಟಿತ್ತು, ಕೈ ಮಾತ್ರ ಬಿಚ್ಚುತ್ತಿರಲಿಲ್ಲ. ಪೆಟ್ರೋಲು ಮೂರು ಸೆಂಟ್ ಅಗ್ಗ ಎಂದು ಮೂರು ಮೈಲಿ ಸುತ್ತುವವರು, ತೊಳೆದ ಜಿಪ್‌ಲಾಕ್ ಚೀಲಗಳನ್ನು ಹಿತ್ತಲಲ್ಲಿ ಕ್ಲಿಪ್ಪು ಹಾಕಿ ಒಣಗಿಸುವವರು. ಹಿಂದೊಮ್ಮೆ ತಮ್ಮ ಹಳೆಯ ಹುಲ್ಲು ಕತ್ತರಿಸುವ ಯಂತ್ರವನ್ನು ಕೌಸ್ತುಭನಿಗೆ ಮಾರುವಾಗ ಇಬ್ಬರೂ ಐದು ಡಾಲರಿಗಾಗಿ ಎರಡು ಗಂಟೆ ಚೌಕಾಸಿ ಮಾಡಿ, ನಡುವೆ ಎರಡು ಸಲ ಕಾಫಿ ಕುಡಿದಿದ್ದರು. "ಅಂಕಲ್ ಹೇಳಿದ ಬೆಲೆಗೇ ತಗೊಂಡ್ರೆ ಅವರಿಗೆ ಅವಮಾನ ಮಾಡಿದ ಹಾಗೆ," ಎಂದು ಕೌಸ್ತುಭ್ ಮನೆಗೆ ಬರುತ್ತ ಹೇಳಿದ್ದ.

ಬಿಸಿಬೇಳೆಬಾತ್ ಬಡಿಸುತ್ತ ರಮಾ ಆಂಟಿ ಶ್ರಾವಣಿಯ ವ್ಯವಹಾರ ಏನೆಂದು ಕೇಳಿ ತಿಳಿದುಕೊಂಡರು. ಕೇಟಿಯ ಹೆಂಗಸರಲ್ಲಿ ಚೀಟಿ ನಡೆಸುವವರು ಅವರು.

"ಇಷ್ಟೇನಾ? ಇದು ನಮ್ಮ ಚೀಟಿ ಥರಾನೇ. ಅವಸರ ಇದ್ದವಳು ಕಡಿಮೆಗೆ ಕೂಗಿ ದುಡ್ಡು ಎತ್ಕೋತಾಳೆ. ಅವಸರ ಇಲ್ಲದವರು ಕಾದು ಲಾಭ ತಗೋತಾರೆ. ಆದ್ರೆ ನಮ್ಮಲ್ಲಿ ನಿಜವಾಗ್ಲೂ ಕಷ್ಟದಲ್ಲಿ ಇರೋರು ಕೂಗಿದಾಗ ಉಳಿದವರು ಬಾಯಿ ಮುಚ್ಕೊಂಡು ಕೂರ್ತೀವಿ. ಪೈಪೋಟಿ ಇರಲ್ಲ, ಅವರಿಗೆ ನಷ್ಟ ಆಗಲ್ಲ."

"ಅದಕ್ಕೇ ಆಂಟಿ, ನಾನು ಹೇಳ್ತಿರೋದು," ಎಂದ ಅಖಿಲ್. ಅವನು ಬೆಳಿಗ್ಗೆಯೇ ಪ್ಲೇನೋ ಬಿಟ್ಟು ಬಂದಿದ್ದ. "ಎಲ್ಲಾ ನಾನೇ ತಗೋತೀನಿ. ಪೂರ್ತಿ ಬೆಲೆಗೆ. ಸೋಡಿಗೀಡಿ ಏನೂ ಬೇಡ."

ಶ್ರಾವಣಿ ಲ್ಯಾಪ್‌ಟಾಪ್ ಮುಚ್ಚಿದಳು. "ಬೇಡ."

"ಯಾಕೆ?"

ಮಾರ್ಚ್‌ನಿಂದ ಅವಳ ಬಾಗಿಲಿಗೆ ಊಟದ ಡಬ್ಬಿಗಳು ಬಂದಿದ್ದವು, ಲಕೋಟೆಗಳು ಬಂದಿದ್ದವು, ಚಂದಾ ಎತ್ತುತ್ತೇವೆ ಎಂದವರೂ ಬಂದಿದ್ದರು. ಎಲ್ಲರೂ ಒಳ್ಳೆಯವರೇ. ಎಲ್ಲರೂ ತಲೆ ಒಂದಿಷ್ಟು ವಾಲಿಸಿಯೇ ಅವಳನ್ನು ನೋಡುತ್ತಿದ್ದರು.

ಮೇಜಿನ ಆ ತುದಿಯಲ್ಲಿ ಮೋಹನರಾಜ ಅಂಕಲ್ ಕೈ ತೊಳೆದು ಬಂದು ಕನ್ನಡಕ ಹಾಕಿಕೊಂಡರು.

"ಪೂರ್ತಿ ಬೆಲೆಗಾ? ನಿಂಗೆ ತಲೆ ಕೆಟ್ಟಿದ್ಯೇನೋ ಅಖಿಲ್? ಕಂತು ಕಟ್ಟದೆ ಇರೋರದ್ದೂ ಇರುತ್ತೆ ಇದರಲ್ಲಿ. ನೀ ಆ ಕಡೆ ಜರುಗು. ತೋರಿಸಮ್ಮಾ, ಏನೇನಿದೆ?"

"ರೀ," ಎಂದರು ರಮಾ ಆಂಟಿ, ಆ ಒಂದಕ್ಷರದಲ್ಲೇ ನೂರು ಮಾತು ಇಟ್ಟು.

"ಅವಳು ಮಾರ್ತಿದಾಳೆ, ನಾನು ಕೊಳ್ತೀನಿ. ನಿಂದೇನು ಮಧ್ಯೆ?"

ಶ್ರಾವಣಿ ಲ್ಯಾಪ್‌ಟಾಪ್ ತೆರೆದಳು. ಅಂಕಲ್ ತಮ್ಮ ಐಪ್ಯಾಡನ್ನು ಪಕ್ಕದಲ್ಲಿ ಇಟ್ಟುಕೊಂಡು, ಮೊದಲ ಸಾಲಿಗೆ ಬೆರಳು ಇಟ್ಟರು.

"ಅಮರಿಲೋ, ಹಲ್ಲು. ಹತ್ತು ಪರ್ಸೆಂಟ್ ಬಿಡು."

"ಐದು ಅಂತ ಇದೆ ಅಂಕಲ್."

"ಇರಲಿ. ಹಲ್ಲು ಕಟ್ಟಿಸಿಕೊಳ್ಳೋ ವಯಸ್ಸಿನವರಿಗೆ ಸಾಲ ಕೊಟ್ಟರೆ ಗ್ಯಾರಂಟಿ ಏನು?"

ಶ್ರಾವಣಿಗೆ ಯಾಕೋ ಕಿವಿ ಬಿಸಿಯಾಯಿತು. "ಅವರು ಒಂದು ತಿಂಗಳೂ ತಪ್ಪಿಸಿಲ್ಲ. ಇನ್ನೂ ಕಾಲೇಜು ಮುಗಿಸಬೇಕಾದ ಮೊಮ್ಮಗಳಿದ್ದಾಳೆ."

"ಮೊಮ್ಮಗಳು ಅಂತ ಇಲ್ಲೆಲ್ಲಿ ಬರೆದಿದೆ?"

"ಬರೀಬೇಕಾ?" ಅಂದಳು ಶ್ರಾವಣಿ. "ಗೊತ್ತಾಗಲ್ವಾ?"

ಅಖಿಲ್ ತಟ್ಟೆಯಿಂದ ತಲೆ ಎತ್ತಿ ನೋಡಿದ. ರಮಾ ಆಂಟಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು.

"ಸರಿ, ಎಂಟು," ಎಂದರು ಅಂಕಲ್.

"ಮೂರು."

"ಐದಿತ್ತಲ್ಲಮ್ಮ ಈಗ ತಾನೇ?"

"ನೀವು ಅಜ್ಜಿ ಮೇಲೆ ಅನುಮಾನ ಪಟ್ರಿ. ಅದಕ್ಕೆ ಮೂರು."

ಶ್ರಾವಣಿ ಬೆಲೆ ಬದಲಿಸಿದಳು, ಅಂಕಲ್ ಗೊಣಗಿಕೊಂಡೇ ಐಪ್ಯಾಡಿನಲ್ಲಿ ಒತ್ತಿದರು. ಅಜ್ಜಿ ಅವರದಾದಳು.

ಮದುಮಗಳ ಸರದಿ ಬಂದಾಗ, ಲಬಕ್‌ನಲ್ಲಿ ಎಂಥ ಮದುವೆ, ಎಷ್ಟು ಜನ, ಹುಡುಗ ಏನು ಮಾಡುತ್ತಾನೆ ಎಂದೆಲ್ಲ ಅಂಕಲ್ ವಿಚಾರಿಸಿದರು. ಕೌಸ್ತುಭ್ ಕಟ್ಟಿದ್ದ ಇಡೀ ಕಥೆಯನ್ನು ಶ್ರಾವಣಿ ಹೇಳಿದಳು: ಹುಡುಗ ಹತ್ತಿ ಗಿರಣಿಯವನು, ಹುಡುಗಿಯ ಅಪ್ಪನಿಗೆ ಅವನನ್ನು ಕಂಡರಾಗದು, ಅದಕ್ಕೇ ಮದುವೆಯ ಖರ್ಚು ಹುಡುಗಿಯದೇ. ಆರೋ ನಾಲ್ಕೋ ಎಂದು ಎಳೆದಾಡುತ್ತಿರುವಾಗಲೇ ಆ ಸಾಲು ಪರದೆಯಿಂದ ಮಾಯವಾಯಿತು. ಯಾವುದೋ ಊರಿನ ಯಾರೋ ಐದಕ್ಕೇ ಎತ್ತಿಕೊಂಡು ಹೋಗಿದ್ದರು.

"ನೋಡಿ, ಚೌಕಾಸಿ ಮಾಡ್ತಾ ಮಾಡ್ತಾ ಹೆಣ್ಣು ಕೈ ತಪ್ಪಿತು," ಎಂದರು ರಮಾ ಆಂಟಿ.

"ನಮ್ಮ ಮಾತು ಮುಗಿದೇ ಇರಲಿಲ್ಲ," ಎಂದರು ಅಂಕಲ್. ಅವರಿಗೆ ನಿಜವಾಗಿ ಬೇಜಾರಾಗಿತ್ತು.

ಅಲ್ಲಿಂದ ಮುಂದೆ ವ್ಯಾಪಾರ ಚುರುಕಾಯಿತು. ಅಖಿಲನಿಗೂ ರಮಾ ಆಂಟಿಗೂ ಕೊಳ್ಳಲು ಅಪ್ಪಣೆ ಸಿಕ್ಕಿತು, ಚೌಕಾಸಿ ಮಾಡಿಯೇ ಕೊಳ್ಳಬೇಕೆಂಬ ಷರತ್ತಿನ ಮೇಲೆ. ಅಖಿಲನಿಗೆ ಅದು ಬರುತ್ತಿರಲಿಲ್ಲ. "ನಾಲ್ಕು... ಇಲ್ಲ, ಎರಡು," ಎಂದು ತನಗೆ ತಾನೇ ನಷ್ಟ ಮಾಡಿಕೊಳ್ಳಲು ಹೋದಾಗ ಶ್ರಾವಣಿಯೇ ಅವನನ್ನು ಗದರಿ ಏಳಕ್ಕೆ ಏರಿಸಿದಳು. ಕಂತು ತಪ್ಪಿಸಿದವರನ್ನು ಅವಳು ಮುಚ್ಚಿಡಲಿಲ್ಲ. ಸೋರುಮನೆ ಸಾಹೇಬ ಎರಡು ತಿಂಗಳು ಹಿಂದೆ ಬಿದ್ದಿದ್ದಾನೆ ಎಂದು ತಾನೇ ಹೇಳಿ, ಇಪ್ಪತ್ತೈದು ಬಿಟ್ಟು ಕೊಟ್ಟಳು. ಹೆಸರಿಲ್ಲದವರನ್ನು ಹತ್ತಿಪ್ಪತ್ತರ ಗುಂಪು ಮಾಡಿ ಕೊಟ್ಟಳು; ಕೌಸ್ತುಭ್ ಹೆಸರಿಟ್ಟಿದ್ದ ಒಬ್ಬೊಬ್ಬರನ್ನು ಕೊಡುವಾಗಲೂ ಅವರ ಕಥೆ ಹೇಳಲೇಬೇಕಾಯಿತು. ಕೇಳದೆ ಅಂಕಲ್ ಒಂದನ್ನೂ ಒತ್ತುತ್ತಿರಲಿಲ್ಲ. ಎರಡು ಸಲ ಕಾಫಿಯಾಯಿತು. ಅಷ್ಟು ಮಾತು ಅವಳ ಬಾಯಿಂದ ಅದೆಷ್ಟೋ ತಿಂಗಳ ಮೇಲೆ ಬಂದದ್ದು.

ಕೊನೆಗೆ ಉಳಿದವನು ಹೊಗೆ ಭಟ್ಟ. ಅವನಿಂದ ಬರಬೇಕಾದದ್ದು ಐನೂರು. ಅಷ್ಟು ಹೊತ್ತಿಗೆ ಶ್ರಾವಣಿಯ ಕೈಗೆ ಬಂದದ್ದು ಐದು ಸಾವಿರದ ಒಂಬೈನೂರು. ಇನ್ನು ಮುನ್ನೂರು ಬೇಕು.

"ನಾಲ್ಕು ತಿಂಗಳಿಂದ ಕಟ್ಟಿಲ್ಲ ಇವನು," ಎಂದರು ಅಂಕಲ್. "ಇವನನ್ನ ಯಾರು ಕೊಳ್ತಾರೆ? ಸೋಡಿ ಲೆಕ್ಕ ಬೇಡ, ಅರ್ಧ ಬೆಲೆ ಕೊಡ್ತೀನಿ. ಐವತ್ತು ಪರ್ಸೆಂಟ್."

"ಎಪ್ಪತ್ತು."

"ಯಾವ ಲೆಕ್ಕದಲ್ಲಿ?"

"ಅವನು ಮೋಸ ಮಾಡೋನಲ್ಲ ಅಂಕಲ್. ಕೌಸ್ತುಭ್ ಹೇಳ್ತಿದ್ದ. ರಾತ್ರಿಯೆಲ್ಲ ಒಲೆ ಮುಂದೆ ಕೂರೋನು, ಆತುರ ಪಟ್ಟರೆ ಅಡುಗೆ ಕೆಡುತ್ತೆ ಅಂತ ಗೊತ್ತಿರೋನು, ಅಂಥೋನು ಎಲ್ಲಿಗೂ ಓಡಿ ಹೋಗಲ್ಲ ಅಂತ. ತಡ ಮಾಡಬಹುದು, ಆದ್ರೆ..."

ಅವಳ ಕಣ್ಣೀರು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಬಿತ್ತು. ಅಖಿಲ್ ಎದ್ದ. ರಮಾ ಆಂಟಿ ಅವನ ತೋಳು ಹಿಡಿದು ಕೂರಿಸಿದರು. ಮೋಹನರಾಜ ಅಂಕಲ್ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿ, ಮತ್ತೆ ಹಾಕಿಕೊಂಡರು. ಅವಳು ಮೂಗು ಸೀಟಿಕೊಳ್ಳುವವರೆಗೆ ಕಾದರು.

"ಐವತ್ತೈದು," ಎಂದರು.

ಅಳುತ್ತಲೇ ಶ್ರಾವಣಿಗೆ ನಗು ಬಂತು. "ಅರವತ್ತೈದು."

"ಅರವತ್ತು. ಮುಗೀತು."

"ಅರವತ್ತೊಂದು."

"ಆ ಒಂದು ಯಾಕೆ?"

"ನೀವು ಹೇಳಿದ ಬೆಲೆಗೇ ಕೊಟ್ಟರೆ ನಿಮಗೆ ಅವಮಾನ."

ಅಂಕಲ್ ಅವಳನ್ನು ನೋಡಿದರು, ತಲೆ ವಾಲಿಸದೆ, ನೆಟ್ಟಗೆ. ಆಮೇಲೆ ಒತ್ತಿದರು. ಮುನ್ನೂರ ಐದು ಡಾಲರ್.

"ಅವನಿದ್ದಿದ್ರೆ ನನ್ನ ಹತ್ರ ಎಪ್ಪತ್ತು ಕೀಳ್ತಿದ್ದ," ಎಂದರು.

"ಅವನಿದ್ದಿದ್ರೆ ಭಟ್ಟನ್ನ ಮಾರ್ತಾನೇ ಇರಲಿಲ್ಲ ಅಂಕಲ್."

ಸಂಜೆ ಹೊರಡುವಾಗ ರಮಾ ಆಂಟಿ ಬಿಸಿಬೇಳೆಬಾತಿನ ಡಬ್ಬಿ ಕೊಟ್ಟರು. ಅಂಕಲ್ ಕಾರಿನ ಟೈರು ಒದ್ದು ನೋಡಿ, ಗಾಳಿ ಕಡಿಮೆಯಿದೆ, ಕೊಲಂಬಸ್ಸಿನಲ್ಲಿ ಪುಕ್ಕಟೆ ಹಾಕುತ್ತಾರೆ, ಇಲ್ಲಿ ದುಡ್ಡು ಕೊಡಬೇಡ ಎಂದರು. ಹಣ ಗುರುವಾರ ಬ್ಯಾಂಕಿಗೆ ಬಂತು. ಶುಕ್ರವಾರ ಬೆಳಿಗ್ಗೆ ಶ್ರಾವಣಿ ವಿಶ್ವವಿದ್ಯಾಲಯಕ್ಕೆ ಬ್ಯಾಂಕಿನ ಕಾಗದ ಕಳಿಸಿದಳು. ವೀಸಾ ಬದಲಾಗಿ ಬರುವಷ್ಟರಲ್ಲಿ ಬೇಸಿಗೆ ಕಳೆದಿತ್ತು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಅವಳು ಕ್ಲಾಸಿನ ಕಟ್ಟಡಕ್ಕೆ ಹೋಗುತ್ತಿರುವಾಗ ಫೋನ್ ಬಂತು. ತಿಂಗಳಿಗೊಮ್ಮೆ ಬರುವ ಫೋನು ಅದು.

"ಏನಮ್ಮಾ, ನಿನ್ನ ಭಟ್ಟ ಈ ತಿಂಗಳೂ ಕಟ್ಟಿಲ್ಲ."

"ಈಗ ಅವನು ನಿಮ್ಮ ಭಟ್ಟ ಅಂಕಲ್."

"ಮೋಸ ಮಾಡಲ್ಲ ಅಂತ ಹೇಳಿ ಮಾರಿದವಳು ನೀನು. ಹತ್ತು ಡಾಲರ್ ವಾಪಸ್ ಕೊಡು."

"ನಾಲ್ಕು ಕೊಡ್ತೀನಿ."

"ಎಂಟು."

ಕ್ಲಾಸಿಗೆ ಇನ್ನೂ ಹೊತ್ತಿತ್ತು. ಓಕ್ ಮರದ ನೆರಳಿನ ಮೆಟ್ಟಿಲ ಮೇಲೆ ಬ್ಯಾಗು ಇಳಿಸಿ, ಶ್ರಾವಣಿ ಆರಾಮವಾಗಿ ಕೂತಳು.

"ನಾಲ್ಕೂವರೆ," ಅಂದಳು.