ಶುಚಿರಾಯ ಆರಿಸಿದ ಎರೆ

ಹೇಸಿಗೆಪಡುವುದಕ್ಕೆ ಪದಕ ಕೊಡುವ ಪದ್ಧತಿ ಇದ್ದಿದ್ದರೆ ಎರೆ ಅಂಗಡಿಯ ಅಳಿಯನ ಎದೆಯ ಮೇಲೆ ಅಂಗಿಯೇ ಕಾಣಿಸುತ್ತಿರಲಿಲ್ಲ. ಮದುವೆಗೆ ಮುಂಚೆ ಗಡಿಯಾರ ರಿಪೇರಿ ಮಾಡುತ್ತಿದ್ದ ಮನುಷ್ಯ. ಧೂಳಿನ ಕಣವೊಂದು ಕಂಡರೆ ಅದರ ಮುತ್ತಾತನ ತನಕ ಶಾಪ ಹಾಕುವವನು. ಬಾಗಿಲ ಹಿಡಿ ಮುಟ್ಟಿದರೆ ಕೈ ತೊಳೆಯುತ್ತಿದ್ದ. ಎಲ್ಲರೂ ಮುಟ್ಟಿದ ಸೋಪು ಮುಟ್ಟಿದೆನಲ್ಲಾ ಎಂದು ಮತ್ತೆ ತೊಳೆಯುತ್ತಿದ್ದ. ಹೆಂಡತಿಯ ಮನೆಯವರು ಶುಚಿರಾಯ ಎಂದು ಕರೆದದ್ದು ಸುಮ್ಮನೆ ಅಲ್ಲ.

ಅಂಥವನು ಬಂದು ಬಿದ್ದದ್ದೆಲ್ಲಿಗೆ? ಟ್ರೌಟ್ ಮೀನು ಹಿಡಿಯುವವರಿಗೆ ಹುಸಿ ಎರೆ ಮಾಡಿ ಮಾರುವ ಮಾವನ ಅಂಗಡಿಯ ಹಿಂದಿನ ಕೋಣೆಗೆ. ಜೀವಂತ ಹುಳುವಿನ ಬದಲು ಗಾಳಕ್ಕೆ ಕಟ್ಟುವ ಈ ಹುಸಿ ಎರೆಗಳಿಗೆ ಬೇಕಾದ ಗರಿ, ಮೊಲದ ತುಪ್ಪಳ, ಹಂದಿಯ ಕೂದಲು ಎಲ್ಲವೂ ಹಸಿಹಸಿಯಾಗಿ ಅಲ್ಲಿಗೇ ಬರುತ್ತಿದ್ದವು. ಅವನ್ನು ತೊಳೆದು, ಹೇನು ಹೆಕ್ಕಿ, ಒಣಹಾಕುವುದು ಅಳಿಯನ ಪಾಲಿನ ಕೆಲಸ. ಪಕ್ಕದಲ್ಲೇ ಅಂಟಿನ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಆ ನಾತಕ್ಕೆ ಗೋಡೆಯ ಸುಣ್ಣ ಕಳಚಿ ಬಿದ್ದಿತ್ತು. ನೊಣಗಳು ಆಸೆಯಿಂದ ಒಳಗೆ ಬಂದು, ಮಾನ ಉಳಿಸಿಕೊಂಡು ಹೊರಗೆ ಹೋಗುತ್ತಿದ್ದವು. ಉತ್ಪ್ರೇಕ್ಷೆ ಎನ್ನುವವರು ಅಲ್ಲಿ ಒಮ್ಮೆ ಉಸಿರೆಳೆದು ಬಂದು ಆಮೇಲೆ ಮಾತಾಡಲಿ.

ಅವನ ಕಣ್ಣೆಲ್ಲ ಅಂಗಡಿಯ ಮುಂದಿನ ಕಿಟಕಿ ಪಕ್ಕದ ಮೇಜಿನ ಮೇಲೆ. ಗಾಳಿ, ಬೆಳಕು, ಒರೆಸಿದ ಗಾಜು. ಅಲ್ಲಿ ಕೂತು ಯಾವ ನೀರಿಗೆ ಯಾವ ಎರೆ ಎಂದು ಗಿರಾಕಿಗಳಿಗೆ ಆರಿಸಿಕೊಡುತ್ತಿದ್ದವನು ಮಾವ.

"ಮಾವ, ಆ ಮೇಜು ನನಗೆ ಬಿಟ್ಟುಕೊಡಿ. ಆ ಕೋಣೇಲಿ ಇನ್ನೂ ಸ್ವಲ್ಪ ದಿನ ಇದ್ರೆ ನೀವು ನನ್ನನ್ನೂ ತೊಳೆದು ಒಣಹಾಕ್ಬೇಕಾಗುತ್ತೆ."

ಮಾವ ಹಲ್ಲು ಕಿಸಿದ. "ಅದಕ್ಕೇನಂತೆ ಅಳಿಯಂದ್ರೇ. ಭಾನುವಾರ ಹೊಳೆಗೆ ಬನ್ನಿ. ನೀವೇ ಎರೆ ಆರಿಸಿ ಒಂದು ಟ್ರೌಟ್ ಹಿಡೀರಿ, ಮೇಜು ನಿಮ್ದು. ಹಿಡೀಲಿಲ್ವೋ, ಅಂಟಿನ ಪಾತ್ರೆ ನಿಮ್ಗೇ ಬಳುವಳಿ."

ಶುಚಿರಾಯ ಅಂಗಡಿಯೆಲ್ಲ ಜಾಲಾಡಿ ಮಿರಮಿರ ಮಿಂಚುವ ತಗಡಿನ ಎರೆಗಳನ್ನೇ ಆರಿಸಿದ. ಬಂಗಾರದ ಬಣ್ಣದ್ದು, ಬೆಳ್ಳಿ ಬಣ್ಣದ್ದು, ಕೆಂಪು ಹರಳಿನ ಕಣ್ಣಿನದು. ಸಾಲದು ಎಂದು ಒಂದೊಂದನ್ನೂ ಗುಲಾಬಿ ಪರಿಮಳದ ಸೋಪಿನಲ್ಲಿ ತಿಕ್ಕಿ ತೊಳೆದ.

"ರೀ, ಇದು ಮೀನಿಗೋ, ನನ್ನ ಕಿವಿಗೋ?" ಎಂದಳು ಹೆಂಡತಿ.

"ಚೊಕ್ಕಟವಾಗಿರೋದು ಕಣ್ಣೆದುರಿಗಿರುವಾಗ ಕೊಳಕಿಗೆ ಯಾರಾದ್ರೂ ಬಾಯಿ ಹಾಕ್ತಾರೇನೇ?"

ಭಾನುವಾರ ಹೊಳೆಯ ನೀರು ಎಷ್ಟು ತಿಳಿಯಾಗಿತ್ತೆಂದರೆ ಮೀನುಗಳ ಮುಖದ ಮೇಲಿನ ತಾತ್ಸಾರವೂ ದಡಕ್ಕೆ ಕಾಣುತ್ತಿತ್ತು. ಬಂಗಾರದ ತಗಡು ಬಿದ್ದ ಕಡೆಯಿಂದ ಟ್ರೌಟುಗಳು ಬೆಂಕಿ ಕಂಡಂತೆ ಚೆದುರಿದವು. ಬೆಳ್ಳಿಯದಕ್ಕೆ ಒಂದು ಹತ್ತಿರ ಬಂತು, ಗುಲಾಬಿ ವಾಸನೆಗೆ ಮೂತಿ ತಿರುಗಿಸಿಕೊಂಡು ಹೋಯಿತು. ಅಷ್ಟರಲ್ಲಿ ಮಾವ, ಬಚ್ಚಲ ತೂಬಿನಿಂದ ಎಳೆದ ಕೂದಲುಂಡೆಯಂಥದ್ದೇನನ್ನೋ ಎಸೆದು, ಮೀನು ಎಳೆದು, ತಲೆಗೆ ಒಂದು ಬಡಿದು, ಹೊಟ್ಟೆ ಸೀಳಿದ.

"ಕರವಸ್ತ್ರ ಕೊಡಿ ಅಳಿಯಂದ್ರೇ."

ಇಸ್ತ್ರಿ ಮಾಡಿದ ಬಿಳಿಯ ಕರವಸ್ತ್ರದ ಮೇಲೆ ಮಾವ ಮೀನಿನ ಜಠರ ಹಿಂಡಿದ. "ಇವತ್ತು ಏನು ತಿಂತಿದೆ ಅಂತ ಮೊದ್ಲು ನೋಡ್ಬೇಕು. ಆಮೇಲೇ ಎರೆ ಆರಿಸೋದು. ನೋಡಿ, ನೋಡಿ, ನಾಚಿಕೆ ಬೇಡ."

ಅರ್ಧ ಕರಗಿದ ಕಂದು ಹುಳುಗಳು, ಲೋಳೆ, ಯಾವುದೋ ಕೀಟದ ಒಂಟಿ ಕಾಲು. ಹುಳುವೊಂದು ಇನ್ನೂ ಮಿಸುಕಾಡುತ್ತಿತ್ತು. ಥೂ! ಶುಚಿರಾಯ ಪೊದೆಯ ಹಿಂದಕ್ಕೆ ಓಡಿದ. ಬೆಳಗಿನ ತಿಂಡಿ ಬಂತು, ನಿನ್ನೆಯ ಊಟ ಬಂತು, ತನ್ನ ಮದುವೆಯಲ್ಲಿ ಉಂಡದ್ದೂ ಬಂತು.

ಬಾಯಿ ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದ. ಅದೆಲ್ಲಿದೆ ಎಂಬುದು ನೆನಪಾಗಿ ಮತ್ತೊಮ್ಮೆ ಬಗ್ಗಿದ. ಮನೆಗೆ ಹೋಗಿಬಿಡೋಣ ಎನ್ನಿಸಿತು. ಆದರೆ ಮನೆಯೆಂದರೆ ಹಿಂದಿನ ಕೋಣೆ, ಹೇನು, ಅಂಟು. ಹಲ್ಲು ಕಚ್ಚಿ ವಾಪಸ್ಸು ಬಂದು ಮಾವನ ಡಬ್ಬಿ ತೆರೆದ. ಅವನಿಗೆ ಹುಳುವಿನ ಗುರುತಿಲ್ಲ, ಹೊಳೆಯ ಗುರುತಿಲ್ಲ. ಗೊತ್ತಿದ್ದದ್ದು ತನ್ನ ಹೊಟ್ಟೆಯೊಂದೇ. ಕರವಸ್ತ್ರದ ಕಡೆ ಒಂದು ನೋಟ, ಎರೆಯ ಕಡೆ ಒಂದು ನೋಟ ಹಾಯಿಸುತ್ತ ಹೋದ. ಕೆಂಪು ಗರಿಯದಕ್ಕೆ ಹೊಟ್ಟೆ ಸುಮ್ಮನಿತ್ತು. ಹಸಿರಿನದಕ್ಕೆ ಗಂಟಲು ಕಹಿಯಾಯಿತು. ಮೂಲೆಯಲ್ಲಿ ಕೆಸರು ಬಣ್ಣದ, ತೇವದ ತುಪ್ಪಳದ, ಒರಟು ಕೂದಲೆದ್ದ ಒಂದಿತ್ತು. ಅದನ್ನು ಕಂಡದ್ದೇ ತಡ, ಕರುಳು ಲಾಗ ಹೊಡೆಯಿತು.

"ಇದು ಮಾವ."

"ಯಾಕೆ ಅದೇ?"

"ಕರವಸ್ತ್ರದ ಮೇಲಿರೋದನ್ನ ನೋಡಿದಾಗ ಬಂದ ಹಾಗೇ ಇದಕ್ಕೂ ವಾಂತಿ ಬರ್ತಿದೆ."

ಮಾವ ಹುಬ್ಬೇರಿಸಿದ. "ಕಟ್ಟಿ ಹಾಗಾದ್ರೆ. ತಡೀರಿ, ಆ ಗುಲಾಬಿ ಕೈಯಲ್ಲಿ ಬೇಡ. ಮೊದ್ಲು ಕೆಸರಲ್ಲಿ ಅದ್ದಿ."

ಮೊಣಕೈವರೆಗೆ ಅದ್ದಿದ, ಕಣ್ಣು ಮುಚ್ಚಿಕೊಂಡು. ಗಡಿಯಾರದ ಕೂದಲೆಳೆ ಸ್ಪ್ರಿಂಗು ಕೂರಿಸಿದ್ದ ಬೆರಳುಗಳು ಗಂಟು ಹಾಕಿದವು. ಎರೆ ಬಂಡೆಯ ಬುಡದಲ್ಲಿ ಮುಳುಗಿತು. ದಾರ ಜಗ್ಗಿತು. ಮೇಲೆ ಬಂದ ಟ್ರೌಟಿನ ಗಾತ್ರ ನಾನು ಹೇಳಿದರೆ ನೀವು ನಂಬುವುದಿಲ್ಲ. ಅದು ಹೊರಬಂದದ್ದಕ್ಕೆ ಹೊಳೆಯ ನೀರು ಒಂದು ಗೇಣು ಇಳಿಯಿತು, ಅಷ್ಟು ಸಾಕು. ಲೋಳೆ ಮೀನನ್ನು ಎದೆಗವಚಿಕೊಂಡು ಶುಚಿರಾಯ ಅಳುತ್ತಿದ್ದ. ಗೆಲುವಿಗೋ ಅಸಹ್ಯಕ್ಕೋ, ಅವನಿಗೂ ತಿಳಿಯಲಿಲ್ಲ.

ಮಾವ ಮಾತಿಗೆ ತಪ್ಪಲಿಲ್ಲ. ಸೋಮವಾರ ಕಿಟಕಿ ಪಕ್ಕದ ಮೇಜು ಅಳಿಯನದಾಯಿತು. ಅದರ ಹಿಂದೆಯೇ ಎರೆಯ ಡಬ್ಬಿ, ಹಸಿ ತುಪ್ಪಳ, ಗರಿಯ ಮೂಟೆ ಎಲ್ಲವೂ ಮೇಜಿಗೇ ಬಂದವು.

"ಇದೇನು ಮಾವ?"

"ಮತ್ತೆ? ಮೂಗು ಒಂದು ಕಡೆ, ಮಾಲು ಒಂದು ಕಡೆ ಇದ್ರೆ ವ್ಯಾಪಾರ ಆಗುತ್ತಾ?"

ಈಗ ಗಿರಾಕಿಗಳು ತಮ್ಮ ಹೊಳೆಯ ಹುಳುಗಳನ್ನು ಬಾಟಲಿಯಲ್ಲಿ ತುಂಬಿ ತರುತ್ತಾರೆ. ಬಾಟಲಿ ತೆರೆದು ಅಳಿಯನ ಮೂಗಿನ ಕೆಳಗೆ ಹಿಡಿಯುತ್ತಾರೆ. ಮಾವ ಎರೆಗಳನ್ನು ಒಂದೊಂದಾಗಿ ಎತ್ತುತ್ತಾನೆ.

"ಬಂತಾ?"

"ಇಲ್ಲ."

"ಇದಕ್ಕೆ?"

ಶುಚಿರಾಯ ಬಾಯಿ ಮುಚ್ಚಿಕೊಂಡು ಎದ್ದು ಓಡುತ್ತಾನೆ.

"ತಗೊಳ್ಳಿ ಸ್ವಾಮಿ," ಎನ್ನುತ್ತಾನೆ ಮಾವ, ಎರೆಯನ್ನು ಕಾಗದದಲ್ಲಿ ಸುತ್ತುತ್ತ. "ಕಣ್ಣುಮುಚ್ಚಿ ಎಸೀರಿ. ನಮ್ಮ ಅಳಿಯಂದ್ರು ಓಡಿದ್ದು ಇವತ್ತಿನವರೆಗೆ ಸುಳ್ಳಾಗಿಲ್ಲ."